ಯಂತ್ರಕ್ಕೆ ಪೂಜೆ ಆಯ್ತು, ಪರೀಕ್ಷೆ ಆಯ್ತೇ?

ರಾಯಚೂರು: ಆಯುಧಪೂಜೆಯ ದಿನ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ಯಂತ್ರಗಳಿಗೆ ಕುಂಕುಮ, ಹೂವು, ಕುಂಬಳಕಾಯಿ. ಭಕ್ತಿಗೆ ಕಮ್ಮಿ ಇಲ್ಲ. ಆದರೆ ಹಾರ ಹಾಕಿದ ಚೈನ್ ಪುಲ್ಲಿಯ ಕೊಂಡಿ ಎಷ್ಟು ಸವೆದಿದೆ ಅಂತ ಕೇಳಿದರೆ ಉತ್ತರ ಹೇಳೋರು ಯಾರು?

ಮಾನ್ವಿ ಕಡೆಯ ಭತ್ತ ಅಕ್ಕಿಯಾಗಿ ಅಂಗಡಿಯ ತಕ್ಕಡಿಗೆ ಬರುವ ಮುಂಚೆ ಗಿರಣಿಯ ಎಲಿವೇಟರ್ ಹತ್ತಿ ಇಳಿಯಬೇಕು. ದೇವದುರ್ಗದ ಹತ್ತಿ ಪಟ್ಟಾದ ಮೇಲೆ ಸಾಗಿ, ಪ್ರೆಸ್ಸಿನಲ್ಲಿ ಅಂಡಿಗೆಯಾಗಬೇಕು. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಂತೂ 1985ರಲ್ಲಿ ಮೊದಲ ಘಟಕ ಶುರುವಾಗಿದೆ. ಅಲ್ಲಿ ಕಲ್ಲಿದ್ದಲು ಸಾಗುವುದೂ ಪಟ್ಟಾದ ಮೇಲೆಯೇ. ಹಮಾಲರ ಬೆನ್ನಿನ ಭಾರ ಇಳಿಸಿದ ಯಂತ್ರಗಳಿವು. ಕೆಟ್ಟರೆ ಮೊದಲು ಬೀಳುವುದೂ ಅವರ ಮೇಲೆಯೇ.

ಕಾಯ್ದೆ ಹೇಳಿದ್ದೇನು?

1948ರ ಕಾರ್ಖಾನೆ ಕಾಯ್ದೆ ಇದನ್ನು ಸ್ಪಷ್ಟವಾಗಿ ಬರೆದಿತ್ತು. ಸರಕು ಏರಿಸುವ ಲಿಫ್ಟಿಗೆ 6 ತಿಂಗಳಿಗೊಮ್ಮೆ, ಕ್ರೇನು, ಸರಪಳಿ, ಹಗ್ಗ, ಕೊಕ್ಕೆಗಳಿಗೆ 12 ತಿಂಗಳಿಗೊಮ್ಮೆ ಪರಿಣತರಿಂದ ಪೂರ್ತಿ ಪರೀಕ್ಷೆ. ಎಷ್ಟು ಭಾರ ಎತ್ತಬಹುದೆಂದು ಯಂತ್ರದ ಮೇಲೆ ಬರೆದಿರಬೇಕು. ಪರೀಕ್ಷೆಯ ವಿವರ ರಿಜಿಸ್ಟರಿನಲ್ಲಿರಬೇಕು. ತಿರುಗುವ ಪಟ್ಟಾ, ಚಕ್ರಗಳಿಗೆ ಜಾಲರಿ ಬೇಕು.

2025ರ ನವೆಂಬರ್ 21ರಿಂದ ಹೊಸ ಸುರಕ್ಷತಾ ಸಂಹಿತೆ ಜಾರಿಗೆ ಬಂದಿದೆ. ಹಿಂದೆ ವಿದ್ಯುತ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ. ಈಗ 20 ಜನ ಬೇಕು. ಹನ್ನೆರಡೋ ಹದಿನೈದೋ ಜನರಿರುವ ಗಿರಣಿ ಕಾರ್ಖಾನೆಯ ಲೆಕ್ಕದಿಂದ ಹೊರಗೆ. ಲೆಕ್ಕ ಬದಲಾಯಿತು ಅಂತ ಸರಪಳಿ ಸವೆಯುವುದು ನಿಂತೀತೇ? ಸಣ್ಣ ಗಿರಣಿಯಲ್ಲಿ ಮಾಲೀಕನೇ ಈಗ ತಪಾಸಣೆಯ ಮೊದಲ ಮನುಷ್ಯ.

ನೋಡಬೇಕಾದ್ದು ಇಷ್ಟು

ಸರಪಳಿ ಒಂದೇ ದಿನಕ್ಕೆ ಹರಿಯುವುದಿಲ್ಲ, ಮೊದಲು ಸೂಚನೆ ಕೊಡುತ್ತದೆ. ಕೊಂಡಿ ಉದ್ದವಾಗಿದೆಯೇ? ಕೊಕ್ಕೆಯ ಬಾಯಿ ಅಗಲವಾಗಿದೆಯೇ? ತಂತಿ ಹಗ್ಗದ ಎಳೆ ಎದ್ದಿದೆಯೇ? ಕಂಡರೆ ಆವತ್ತೇ ಕೆಲಸದಿಂದ ತೆಗೆಯಬೇಕು. ತಂತಿ ಸುತ್ತಿ, ಬೆಸುಗೆ ಹಾಕಿ "ಈ ಸುಗ್ಗಿ ಒಂದು ದಾಟಲಿ" ಅನ್ನುವುದು ಬೇಡ. ಎಲಿವೇಟರ್ ಕಟ್ಟಿಕೊಂಡಾಗ ಬರೀ ಸ್ವಿಚ್ ಒತ್ತಿ ಕೈ ಹಾಕಬಾರದು. ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ಇನ್ನೊಬ್ಬ ಗೊತ್ತಿಲ್ಲದೆ ಚಾಲೂ ಮಾಡಿದರೆ ಕೈ ಹೋಗುವುದು ಕ್ಷಣದ ಮಾತು.

ಇದು ಮನೆಯ ತಪಾಸಣೆ ಮಾತ್ರ. ಪರಿಣತರ ಪರೀಕ್ಷೆಗೆ ಬದಲಿ ಅಲ್ಲ.

ಹತ್ತಿ, ಭತ್ತದ ಸುಗ್ಗಿ ಶುರುವಾದರೆ ಹಗಲು ರಾತ್ರಿ ಯಂತ್ರ ನಿಲ್ಲುವುದಿಲ್ಲ. ಲಾರಿ ಬಾಗಿಲಲ್ಲಿ ನಿಂತಾಗ ಪರೀಕ್ಷೆಗೆ ಪುರುಸೊತ್ತೆಲ್ಲಿ? ಆಯುಧಪೂಜೆಗಂತೂ ಯಂತ್ರ ನಿಲ್ಲಿಸಿ ತೊಳೆಯುತ್ತಾರೆ. ತೊಳೆದ ಸರಪಳಿಯಲ್ಲಿ ಬಿರುಕು ಸುಲಭವಾಗಿ ಕಾಣುತ್ತದೆ. ಕುಂಕುಮ ಹಚ್ಚುವ ಮುಂಚೆ ಒಂದೊಂದು ಕೊಂಡಿಯನ್ನೂ ಕೈಯಿಂದ ಮುಟ್ಟಿ ನೋಡಲಿ. ಹೊಸ ಸರಪಳಿಗೆ ದುಡ್ಡು ಕೊಟ್ಟರೆ ಸಿಗುತ್ತದೆ. ಹಮಾಲನ ಕಾಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.