ಲೋಡನ್ನು ಒತ್ತಿಹಿಡಿಯುವ ಬೆಲ್ಟ್

ಡ್ರೈವರ್ ಬ್ರೇಕ್ ತುಳಿದರೆ ಲಾರಿ ನಿಲ್ಲುತ್ತದೆ. ಮೇಲಿರುವ ಪೆಟ್ಟಿಗೆಗೆ ಮಾತ್ರ ನಿಲ್ಲುವ ದರ್ದಿಲ್ಲ. ಇದ್ದ ವೇಗದಲ್ಲೇ ಮುಂದೆ ಹೋಗಲು ನೋಡುತ್ತದೆ. ಸರಕು ಬಿಗಿಯುವುದಕ್ಕೆಂದೇ ಇರುವ ಯುರೋಪಿನ ಮಾನದಂಡ ಇಎನ್ 12195, ಹೀಗೆ ಮುಂದಕ್ಕೆ ನುಗ್ಗುವ ಬಲವನ್ನು ಸರಕಿನ ತೂಕದ 0.8ರಷ್ಟು ಎಂದು ಲೆಕ್ಕ ಹಿಡಿಯುತ್ತದೆ. ಟನ್ ತೂಕದ ಪೆಟ್ಟಿಗೆಯಾದರೆ 800 ಕೆ.ಜಿ. ಬಲ, ಅದೂ ಕ್ಯಾಬಿನ್ನಿನ ಬೆನ್ನಿಗೆ.

ಅದನ್ನು ತಡೆಯುವುದು ಮೇಲೆ ಅಡ್ಡ ಹಾಯಿಸಿ ಬಿಗಿದ ರ್ಯಾಚೆಟ್ ಬೆಲ್ಟ್ ಎಂದೇ ಹೆಚ್ಚಿನವರ ನಂಬಿಕೆ. ಆದರೆ ಬೆಲ್ಟ್ ಎಳೆಯುವುದು ಕೆಳಕ್ಕೆ, ಪೆಟ್ಟಿಗೆ ಹೊರಟಿರುವುದು ಮುಂದಕ್ಕೆ. ನಿಜವಾಗಿ ತಡೆಯುವುದು ಪೆಟ್ಟಿಗೆಯ ತಳಕ್ಕೂ ಲಾರಿಯ ಹಲಗೆಗೂ ನಡುವಿನ ಘರ್ಷಣೆ. ಪೆಟ್ಟಿಗೆಯನ್ನು ಅದುಮಿ ಆ ಘರ್ಷಣೆಯನ್ನು ಹೆಚ್ಚಿಸುವುದಷ್ಟೇ ಬೆಲ್ಟಿನ ಪಾಲಿನ ಕೆಲಸ.

ಲೆಕ್ಕ ಹಾಕಿ ನೋಡೋಣ. ಘರ್ಷಣಾಂಕ 0.3 ಇದ್ದರೆ ಪೆಟ್ಟಿಗೆಯ ಸ್ವಂತ ತೂಕದಿಂದ ಸಿಗುವ ತಡೆ 300 ಕೆ.ಜಿ. ಇನ್ನೂ 500 ಬೇಕು. ಅದಕ್ಕೆ ಮೇಲಿನಿಂದ ಸುಮಾರು 1,670 ಕೆ.ಜಿ. ಒತ್ತಬೇಕು. 300 ಕೆ.ಜಿ. ಬಿಗಿತದ ಒಂದು ಬೆಲ್ಟ್ ಎರಡೂ ಬದಿ ಸೇರಿ ಹೆಚ್ಚೆಂದರೆ 600 ಒತ್ತೀತು. ಅಂದರೆ ಮೂರು ಬೆಲ್ಟ್. ಸುರಕ್ಷತೆಯ ಅಂಚು ಸೇರಿಸಿದರೆ ನಾಲ್ಕು. ಈಗ ಪೆಟ್ಟಿಗೆಯಡಿ ರಬ್ಬರ್ ಮ್ಯಾಟ್ ಹಾಸಿ. ಘರ್ಷಣಾಂಕ 0.6 ಆದರೆ ಒತ್ತಬೇಕಾದದ್ದು 333 ಕೆ.ಜಿ. ಮಾತ್ರ, ಲೆಕ್ಕಕ್ಕೆ ಒಂದೇ ಬೆಲ್ಟ್ ಸಾಕು. ಪೆಟ್ಟಿಗೆ ತಿರುಗದಿರಲೆಂದು ಇನ್ನೊಂದು ಹಾಕುವುದು ಜಾಣತನ. ಬೆಲ್ಟಿಗೆ ದುಡ್ಡು ಸುರಿಯುವವರು ಮ್ಯಾಟನ್ನು ಮರೆಯುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಬೆಲ್ಟಿನ ಲೇಬಲ್ಲೂ ದಾರಿ ತಪ್ಪಿಸುತ್ತದೆ. ಅದರಲ್ಲಿ ದಪ್ಪಗೆ ಕಾಣುವ ಎಲ್‌ಸಿ 2500 ಎಂಬುದು ಬೆಲ್ಟ್ ತಡೆದುಕೊಳ್ಳಬಲ್ಲ ನೇರ ಎಳೆತ, ಹೆಚ್ಚುಕಡಿಮೆ 2,500 ಕೆ.ಜಿ. ಅಡ್ಡ ಹಾಯಿಸಿ ಬಿಗಿಯುವವರಿಗೆ ಬೇಕಾದದ್ದು ಪಕ್ಕದಲ್ಲಿರುವ ಎಸ್‌ಟಿಎಫ್. ಹಿಡಿಗೆ ಕೈಯಿಂದ ಸುಮಾರು 50 ಕೆ.ಜಿ. ಬಲ ಹಾಕಿದರೆ ಬೆಲ್ಟಿನಲ್ಲಿ ಉಳಿಯುವ ಬಿಗಿತ ಅದು. ಸಾಮಾನ್ಯ ರ್ಯಾಚೆಟ್‌ನಲ್ಲಿ ಮುನ್ನೂರರ ಆಸುಪಾಸು.

ಐವತ್ತು ಮುನ್ನೂರಾಗುವುದು ಸನ್ನೆಕೋಲಿನ ಲೆಕ್ಕದಿಂದ. ಹಿಡಿ ಉದ್ದ, ಪಟ್ಟಿ ಸುತ್ತಿಕೊಳ್ಳುವ ದಂಡ ಬೆರಳಿನಷ್ಟು ಸಣ್ಣದು. ದಂಡದ ಎರಡು ತುದಿಗೂ ಹಲ್ಲುಚಕ್ರ. ಸ್ಪ್ರಿಂಗ್ ಹಾಕಿದ ಎರಡು ಅಗುಳಿಗಳಲ್ಲಿ ಹಿಡಿಯೊಳಗಿನದು ಚಕ್ರವನ್ನು ತಳ್ಳುತ್ತದೆ, ಚೌಕಟ್ಟಿನಲ್ಲಿರುವುದು ಹಿಂದೆ ಸರಿಯಲು ಬಿಡುವುದಿಲ್ಲ. ಸುತ್ತು ಹೆಚ್ಚಿದಷ್ಟೂ ಉರುಳೆ ದಪ್ಪವಾಗಿ ಸನ್ನೆಯ ಲಾಭ ಕರಗುತ್ತದೆ. ಹಾಗಾಗಿ ಸಡಿಲ ಪಟ್ಟಿಯನ್ನು ಮೊದಲು ಕೈಯಲ್ಲೇ ಎಳೆದುಕೊಂಡು, ಎರಡು ಮೂರು ಸುತ್ತಿನಲ್ಲಿ ಬಿಗಿ ಮುಗಿಸಬೇಕು.

ಪೆಟ್ಟಿಗೆ ಗಿಡ್ಡವಾಗಿದ್ದು ಬೆಲ್ಟ್ ಹಲಗೆಗೆ 30 ಡಿಗ್ರಿ ಕೋನದಲ್ಲಿ ಇಳಿದರೆ ಒತ್ತುವ ಬಲ ಅರ್ಧಕ್ಕೆ ಬೀಳುತ್ತದೆ. ಮೂಲೆಗಳಲ್ಲಿ ಪಟ್ಟಿ ಉಜ್ಜುವುದರಿಂದ ರ್ಯಾಚೆಟ್ ಇಲ್ಲದ ಬದಿಯ ಬಿಗಿತ ಇನ್ನೂ ಕಡಿಮೆ. ಮೂಲೆಗೆ ಕೊಡುವ ನುಣುಪು ಪ್ಲಾಸ್ಟಿಕ್ ತುಂಡು ಪಟ್ಟಿಯನ್ನು ಕಾಯುವುದರ ಜೊತೆಗೆ ಬಿಗಿತವನ್ನು ಆಚೆ ಬದಿಗೂ ದಾಟಿಸುತ್ತದೆ.

ಪಟ್ಟಿ ಪಾಲಿಯೆಸ್ಟರಿನದು, ನೀಲಿ ಲೇಬಲ್ ಅದರ ಗುರುತು. ನೈಲಾನ್ ಹೆಚ್ಚು ಹಿಗ್ಗುತ್ತದೆ, ನೆನೆದರೆ ಬಲವನ್ನೂ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರಿಗೆ ಮಳೆಯ ಹೆದರಿಕೆಯಿಲ್ಲ, ವರ್ಷಗಟ್ಟಲೆ ಬಿಸಿಲು ಮಾತ್ರ ಅದನ್ನು ತಿನ್ನುತ್ತದೆ. ಹರಿದದ್ದಕ್ಕೆ ಗಂಟು ಹಾಕುವುದಂತೂ ಬೇಡವೇ ಬೇಡ: ಗಂಟಿನೊಳಗೆ ಎಳೆಗಳು ಸಮನಾಗಿ ಭಾರ ಹಂಚಿಕೊಳ್ಳದೆ ಒಂದೊಂದಾಗಿ ಸೋಲುತ್ತವೆ. ಮೂಟೆಯ ಲೋಡಾದರೆ ಸ್ವಲ್ಪ ದೂರ ಹೋಗಿ ಲಾರಿ ನಿಲ್ಲಿಸಿ ಮತ್ತೊಮ್ಮೆ ಹಿಡಿ ಎಳೆಯಬೇಕು. ಕುಲುಕಾಟಕ್ಕೆ ಮೂಟೆಗಳು ಕುಸಿದು ಕೂತಷ್ಟೂ ಬೆಲ್ಟ್ ಸಡಿಲವಾಗಿರುತ್ತದೆ.