ಅಮ್ಮನ ಸುಸ್ತಿಗೂ ಒಂದು ಎಕೋ ಮಾಡಿಸಿ

ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಒಂದು ಮನೆ ಅಂದ್ಕೊಳ್ಳಿ. ಅಪ್ಪನಿಗೆ ಎದೆನೋವು ಅಂದ ತಕ್ಷಣ ಕಾರು ಮಂಗಳೂರಿಗೆ ಹೊರಡುತ್ತದೆ. ಬೀಡಿ ಕಟ್ಟುತ್ತಾ ಕೂತ ಅಮ್ಮ, 'ನಾಲ್ಕು ಹೆಜ್ಜೆ ಇಟ್ರೆ ಉಸಿರು ಕಟ್ತದೆ ಮಗಾ' ಅಂದರೆ? 'ಗ್ಯಾಸ್ಟ್ರಿಕ್ ಇರ್ಬೇಕಮ್ಮಾ, ಸ್ವಲ್ಪ ಮಲಗು.' ಅಷ್ಟೇ! ಈ ವ್ಯತ್ಯಾಸ ಎಲ್ಲಿಯವರೆಗೆ ಹೋಗುತ್ತೆ ಗೊತ್ತಾ? ಹೃದಯದ ಪಂಪಿನವರೆಗೆ.

ಹೃದಯ ಸೋತು, ಔಷಧಿಗೂ ಬಗ್ಗದಿದ್ದಾಗ ಡಾಕ್ಟರು ಎದೆಯೊಳಗೆ ಪುಟ್ಟ ಪಂಪು ಕೂರಿಸುತ್ತಾರೆ. ಹೆಸರು ಎಲ್‌ವ್ಯಾಡ್. ತೋಟದ ಪಂಪು ಕೆರೆಯ ನೀರೆಳೆದು ಅಡಿಕೆ ಗಿಡಕ್ಕೆ ಬಿಡುತ್ತಲ್ಲ, ಹಾಗೆ ಇದು ಹೃದಯದ ಎಡಕೋಣೆಯ ರಕ್ತ ಎಳೆದು ಮಹಾಪಧಮನಿಗೆ ತಳ್ಳುತ್ತದೆ. ಹೊಟ್ಟೆಯ ಚರ್ಮದಿಂದ ಹೊರಬರುವ ಒಂದು ವಯರು, ಹೊರಗೆ ಬ್ಯಾಟರಿ. ಕೆಲವರಿಗೆ ಹೃದಯ ಕಸಿ ಆಗೋ ತನಕ, ಕೆಲವರಿಗೆ ಜೀವನಪೂರ್ತಿ. ಮೂಡುಬಿದಿರೆಗೆ ಹತ್ತಿರದ ಕಿನ್ನಿಗೋಳಿಯಲ್ಲಿ ಹುಟ್ಟಿದ ಡಾ. ದೇವಿ ಶೆಟ್ಟಿ ಬೆಂಗಳೂರಿನಲ್ಲಿ ಕಟ್ಟಿದ ನಾರಾಯಣ ಹೃದಯಾಲಯದಲ್ಲೂ ಇಂಥ ಪಂಪು ಕೂರಿಸಿದ್ದಾರೆ.

ಆದರೆ ಅಮೆರಿಕದ ಲೆಕ್ಕ ನೋಡಿ. ಪಂಪು ಪಡೆದ ಹತ್ತು ಜನರಲ್ಲಿ ಹೆಂಗಸರು ಸುಮಾರು ಇಬ್ಬರು ಮಾತ್ರ. ಯಾಕೆ?

ಒಂದು, ಗಾತ್ರ. ಹಳೇ ಪಂಪುಗಳು ಒಂದು ಕಿಲೋಗಿಂತ ಭಾರ. ಸಣ್ಣ ಮೈಕಟ್ಟಿನ ಹೆಂಗಸರಿಗೆ ಹಿಡಿಸುತ್ತಲೇ ಇರಲಿಲ್ಲ. ಎರಡು, ಹೆಂಗಸರ ಹೃದಯ ಅನೇಕ ಬಾರಿ ಹಿಗ್ಗಿ ಸೋಲುವ ಬದಲು ಬಿಗಿಯಾಗಿ ಸೋಲುತ್ತದೆ. ಅಂಥ ಹೃದಯಕ್ಕೆ ಈ ಪಂಪು ಸಾಮಾನ್ಯವಾಗಿ ಹೊಂದೋದಿಲ್ಲ. ಇವೆರಡೂ ಒಪ್ಪೋಣ. ಆದರೆ 2017ರಲ್ಲಿ ಅಲ್ಲಿ ಅನುಮತಿ ಪಡೆದ ಹಾರ್ಟ್‌ಮೇಟ್ 3 ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಅದನ್ನು ಹಾಕಿಸಿಕೊಂಡ ಹೆಂಗಸರಿಗೆ ರಕ್ತಸ್ರಾವ, ಸೋಂಕಿನ ಕಾಟ ತುಸು ಹೆಚ್ಚು ನಿಜ. ಬದುಕುಳಿಯೋದ್ರಲ್ಲಿ ಮಾತ್ರ ಅವರು ಗಂಡಸರಿಗೆ ಸರಿಸಮ. ಹಾಗಾದರೆ ಉಳಿದದ್ದು ಮೂರನೇ ಕಾರಣ: ಹೆಂಗಸರು ದೊಡ್ಡಾಸ್ಪತ್ರೆಗೆ ಬರೋದೇ ತಡ.

ಬಾಣಂತಿಯರ ವಿಷಯ ಇನ್ನೂ ಸೂಕ್ಷ್ಮ. ಗರ್ಭದ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳೊಳಗೆ ಕೆಲವರ ಹೃದಯ ದಿಢೀರ್ ಸೋಲುತ್ತದೆ. ಕಾಲು ಊದಿದರೆ, ಅಂಗಾತ ಮಲಗಲು ಆಗದಿದ್ದರೆ 'ಬಾಣಂತನದ ಸುಸ್ತು' ಅಂತ ಸುಮ್ಮನಾಗಬೇಡಿ. ಬೇಗ ಹಿಡಿದರೆ ಎಷ್ಟೋ ಹೃದಯಗಳು ಔಷಧಿಯಲ್ಲೇ ಚೇತರಿಸಿಕೊಳ್ಳುತ್ತವೆ.

ಪಂಪಿನ ಬೆಲೆ ಹತ್ತಾರು ಲಕ್ಷ. ನಮ್ಮಲ್ಲಿ ಎಷ್ಟು ಜನರಿಗೆ ಅದು ಕೈಗೆಟುಕೀತು? ಎಕೋ ಪರೀಕ್ಷೆ ಹಾಗಲ್ಲ. ಕರಾವಳಿಯ ಹಳ್ಳಿಗಳಿಗೆ ಇಸಿಜಿ ಯಂತ್ರ ತಲುಪಿಸಿದ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರಂಥವರು ಆಸ್ಪತ್ರೆಯ ದಾರಿಯನ್ನು ಈಗಾಗಲೇ ಗಿಡ್ಡ ಮಾಡಿದ್ದಾರೆ. ಉಳಿದ ದಾರಿ ಅಡುಗೆಮನೆಯಿಂದ ಅಂಗಳದ ಕಾರಿನವರೆಗೆ. ಅದನ್ನು ದಾಟಿಸಬೇಕಾದವರು ನಾವೇ. ಅಪ್ಪನಿಗೆ ಹೊರಟ ಕಾರು ಅಮ್ಮನಿಗೂ ಹೊರಡಲಿ.