ಕಾಡಿನ ಬೆಳಕಿಂಡಿಗೆ ಗಿಡ ನೆಡುವ ಮುನ್ನ

ದೆಹಲಿ, ಗುರುಗ್ರಾಮದಲ್ಲಿ ದುಡಿಯುವ ನಮಗೆ ಬೇಸಿಗೆ ಬಂದರೆ ನೈನಿತಾಲ್, ಮುಕ್ತೇಶ್ವರದ ಕಡೆ ಕಾಲೆಳೆಯುತ್ತದೆ. ಕಂಪನಿಗಳೂ ಅಲ್ಲಿ ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ಹಳೆಯ ಮರ ಉರುಳಿ ಆಕಾಶ ಕಾಣುವ ಜಾಗವೇ ಎಲ್ಲರ ಕಣ್ಣಿಗೆ ಬೀಳುವುದು. ಆದರೆ ಆ ಜಾಗ ಖಾಲಿ ಇರುವುದಿಲ್ಲ. ನಮ್ಮೂರ ಮನೆಗಳ ಗಾಜಿನ ಹೆಂಚಿನಂತೆ, ಅದು ಕಾಡಿನ ಬೆಳಕಿಂಡಿ.

ಕುಮಾವ್‌ನ ಈ ಬೆಟ್ಟಗಳಲ್ಲಿ ಬಾಂಜ್ ಎಂಬ ಓಕ್, ಕೆಂಪು ಹೂವಿನ ಬುರಾಂಶ್, ಕಾಫಲ್, ಚೀಡ್ ಪೈನ್ ಬೆಳೆಯುತ್ತವೆ. ಬಾಂಜ್ ಬೀಜ ಭಾರ. ಚಳಿಗಾಲದಲ್ಲಿ ಮರದ ಬುಡಕ್ಕೇ ಉದುರುತ್ತದೆ, ಒಣಗಿದರೆ ಸತ್ತುಹೋಗುತ್ತದೆ. ತರಗೆಲೆಯ ತಂಪು ಸಿಕ್ಕರೆ ಮಳೆಗಾಲದಲ್ಲಿ ಮೊಳೆಯುತ್ತದೆ. ಅದರ ಸಸಿ ನೆರಳು ತಾಳಿಕೊಂಡು ಕಾಯಬಲ್ಲದು. ಪೈನ್ ಬೀಜಕ್ಕೆ ರೆಕ್ಕೆಯಿದೆ. ಗಾಳಿಯಲ್ಲಿ ದೂರ ಹೋಗಿ, ಬಿಸಿಲು ಬೀಳುವ ಬರಿ ಮಣ್ಣಿನಲ್ಲಿ ಬೇರೂರುತ್ತದೆ.

ಹಾಗಾಗಿ ಕಿಂಡಿಯ ಗಾತ್ರ ಮುಖ್ಯ. ಒಂದೆರಡು ಮರ ಬಿದ್ದರೆ, ಕೆಳಗೆ ಕಾದಿದ್ದ ಬಾಂಜ್ ಸಸಿಗಳು ಮೇಲೇಳುತ್ತವೆ. ದೊಡ್ಡ ಬಯಲಾಗಿ ನೆಲ ಒಣಗಿದರೆ ಪೈನ್‌ಗೆ ಅನುಕೂಲ. ದನ ಮೇಯುವುದು, ಮೇವಿಗಾಗಿ ಕೊಂಬೆಗಳನ್ನು ಪದೇ ಪದೇ ಸವರುವುದು, ಬೆಂಕಿ ಇವೆಲ್ಲ ಬಾಂಜ್‌ನ್ನು ಹಿಂದಕ್ಕೆ ತಳ್ಳುತ್ತವೆ. ದಪ್ಪ ತೊಗಟೆಯ ಪೈನ್ ಬೆಂಕಿಯನ್ನೂ ತಾಳಿಕೊಳ್ಳುತ್ತದೆ. ಬಾಂಜ್ ಹೋದರೆ ಹಳ್ಳಿಯ ಹೆಂಗಸರಿಗೆ ಮೇವು, ಸೌದೆ ಎರಡೂ ದೂರವಾಗುತ್ತವೆ.

ಇಂಥ ಕಡೆ ಗುಂಪಾಗಿ ಹೋಗಿ ಗುಂಡಿ ತೋಡಿದರೆ, ತಾನಾಗಿ ಎದ್ದ ಸಸಿಗಳೇ ಕಾಲಡಿಗೆ ಸಿಗುತ್ತವೆ. ಕೆಲವು ವರ್ಷ ದನ, ಬೆಂಕಿ ಬಾರದಂತೆ ನೋಡಿಕೊಂಡು, ಸುತ್ತಲಿನ ಬೀಜದ ಮರಗಳನ್ನು ಸವರದೆ ಬಿಟ್ಟರೆ ಹೆಚ್ಚು ಉಪಯೋಗ. ಬೀಜದ ಮರವೇ ಉಳಿಯದ ಕಡೆ ಮಾತ್ರ ಸ್ಥಳೀಯ ಸಸಿ ನೆಡಬಹುದು. ಆದರೆ ಮೇವಿಗೆ ಬೇರೆ ದಾರಿ ತೋರಿಸದೆ ಬೇಲಿ ಹಾಕಿದರೆ ಅದು ನಿಲ್ಲುವುದಿಲ್ಲ. ಯಾವ ಭಾಗವನ್ನು, ಎಷ್ಟು ಕಾಲ ಮುಚ್ಚಬೇಕೆಂದು ಊರವರೇ ಕೂತು ತೀರ್ಮಾನಿಸಬೇಕು. 1931ರ ನಿಯಮಗಳಿಂದ ಶುರುವಾದ ವನ ಪಂಚಾಯತ್‌ಗಳು ಅಲ್ಲಿ ಅದಕ್ಕೆಂದೇ ಇವೆ. ನಮ್ಮ ಕಂಪನಿಗಳ ಹಣ ಮೇವಿನ ಹುಲ್ಲಿಗೆ, ಬೆಂಕಿ ಕಾಯುವವರ ಕೂಲಿಗೆ ಹೋದರೂ ಅದು ಕಾಡು ಬೆಳೆಸಿದಂತೆಯೇ.

ಇದೇ ಉತ್ತರಾಖಂಡದ ಚಿಪ್ಕೋದಿಂದ ಪ್ರೇರಣೆ ಪಡೆದು 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಹುಟ್ಟಿತು. ‘ಉಳಿಸು, ಬೆಳೆಸು, ಬಳಸು’ ಎಂಬುದು ಅದರ ಮಾತು. ಅದರಲ್ಲೂ ಉಳಿಸುವುದೇ ಮೊದಲು. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಬೆಳಕಿಂಡಿಯ ಕೆಳಗೆ ಬಗ್ಗಿ ನೋಡಿ. ಎಲೆಯ ಹಿಂಬದಿ ಬೆಳ್ಳಗಿದ್ದರೆ, ಅದು ಬಾಂಜ್ ಸಸಿ ಇರಬಹುದು. ಕಾಲು ತಾಗದಂತೆ ಪಕ್ಕಕ್ಕೆ ಸರಿಯಿರಿ.